ಕೂಗಿದಾಗ ಇರಬೇಕು

ಮನೆಗೆ ಸಮನ್ಸು ಬಂದರೆ ನಮ್ಮ ಬಿ.ದುರ್ಗ ಹೋಬಳಿಯ ಕಡೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು ವರ್ಷ ಹಾಕ್ತಾರೆ?’ ಎಂಬುದು. ಎರಡನೆಯದು ‘ಎಷ್ಟು ಖರ್ಚಾಗುತ್ತೆ?’. ‘ಯಾವತ್ತು, ಎಷ್ಟು ಹೊತ್ತಿಗೆ, ಯಾವ ಕೋರ್ಟಿಗೆ?’ ಎಂದು ಕೇಳುವವರು ಕಡಿಮೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ತಾಲ್ಲೂಕು ಕೋರ್ಟುಗಳಲ್ಲೂ ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯದಲ್ಲೂ ಜನ ಪಡುವ ಪಾಡು ನೋಡಿ ನಾನು ಕಲಿತದ್ದು ಇಷ್ಟು: ಸಾಮಾನ್ಯ ಮನುಷ್ಯನನ್ನು ಅಲ್ಲಿ ಹೈರಾಣ ಮಾಡುವುದು ತೀರ್ಪಿಗಿಂತ ಹೆಚ್ಚಾಗಿ ತಾರೀಖು. ಹೆಸರು ಕೂಗಿದಾಗ ‘ಇದೀನಿ ಸ್ವಾಮಿ’ ಎಂದವನ ಕೇಸು ತಡವಾಗಿಯಾದರೂ ಒಂದು ದಡ ಸೇರುತ್ತದೆ. ಕೂಗಿದಾಗ ಇಲ್ಲದವನ ಸಣ್ಣ ಕೇಸು ದೊಡ್ಡದಾಗುತ್ತದೆ. ಉಪದೇಶಕ್ಕೆಂದು ಹೇಳುತ್ತಿಲ್ಲ, ಕ್ರಿಮಿನಲ್ ಕಾನೂನಿನ ನಡಾವಳಿಯೇ ಹಾಗೆ ಹೆಣೆದುಕೊಂಡಿದೆ ಎಂಬುದು ನನ್ನ ವಾದ.

ತಾಲ್ಲೂಕು ಕೋರ್ಟಿನ ಕೈ ಎಷ್ಟು ಉದ್ದ ಎಂಬುದನ್ನು ಮೊದಲು ನೋಡೋಣ. ಜೆ.ಎಂ.ಎಫ್.ಸಿ. ಎಂದು ನಾವು ಕರೆಯುವ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷಕ್ಕಿಂತ ಹೆಚ್ಚಿನ ಸಜೆ ಕೊಡುವಂತಿಲ್ಲ. ದಂಡದ ಮಿತಿ ಹಿಂದೆ 10,000 ರೂಪಾಯಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಚೆಕ್ ಬೌನ್ಸ್‌ನಂಥ ಪ್ರತ್ಯೇಕ ಕಾಯ್ದೆಗಳ ಮಾತು ಬಿಟ್ಟರೆ, ಅದು 50,000 ಆಗಿದೆ. ಕೊಲೆ, ಕೊಲೆ ಯತ್ನದಂಥವು ಇಲ್ಲಿ ವಿಚಾರಣೆಯಾಗುವುದಿಲ್ಲ, ಕಡತ ಚಿತ್ರದುರ್ಗದ ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ಉಳಿಯುವುದು ಬದುವಿನ ಜಗಳ, ಬಾಯಿಮಾತು ಕೈಗೆ ಬಂದದ್ದು, ಬೈಕು ಗುದ್ದಿದ್ದು, ಯುಗಾದಿಯ ಇಸ್ಪೀಟು, ಬಸ್‌ಸ್ಟ್ಯಾಂಡಿನಲ್ಲಿ ಕುಡಿದದ್ದು, ಕೊಟ್ಟ ಚೆಕ್ಕು ವಾಪಸಾದದ್ದು. ‘323, 504, 506’ ಎಂದು ಹಳ್ಳಿಯವರಿಗೂ ಬಾಯಿಪಾಠವಾಗಿದ್ದ ಸೆಕ್ಷನ್ನುಗಳು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 115(2), 352, 351 ಆಗಿವೆ. ಜಗಳ ಮಾತ್ರ ಹಳೆಯದೇ. ಇಂಥ ಕೇಸುಗಳಲ್ಲಿ ಜೈಲಿನ ಬಾಗಿಲು ಕಾಣುವವರು, ನಾನು ಗಮನಿಸಿದಂತೆ, ಶಿಕ್ಷೆಯಾಗಿ ಹೋದವರಿಗಿಂತ ವಾರಂಟಾಗಿ ಹೋದವರೇ ಹೆಚ್ಚು.

ಕೋರ್ಟಿನ ಒಂದು ದಿನ ಹೇಗಿರುತ್ತದೆ ಎಂದು ತಿಳಿದರೆ ಇದು ಹೇಗಾಗುತ್ತದೆಂದು ಗೊತ್ತಾಗುತ್ತದೆ. ಸಮನ್ಸಿನಲ್ಲಿ ಬೆಳಗ್ಗೆ ಹನ್ನೊಂದು ಗಂಟೆ ಎಂದಿರುತ್ತದೆ. ಅದು ನಿಮಗೊಬ್ಬರಿಗೆ ಕೊಟ್ಟ ಹೊತ್ತಲ್ಲ. ಅಂದಿನ ಪಟ್ಟಿಯಲ್ಲಿರುವ ಎಲ್ಲರಿಗೂ ಅದೇ ಹನ್ನೊಂದು. ಸಾಹೇಬರು ಬಂದು ಕೂತ ಮೇಲೆ ಬೆಂಚ್ ಕ್ಲರ್ಕ್ ಕಡತದ ಕಟ್ಟಿನಿಂದ ಒಂದೊಂದೇ ತೆಗೆದು ಸಿ.ಸಿ. ನಂಬರು, ಅಂದರೆ ಕೇಸಿನ ಸಂಖ್ಯೆ, ಹೇಳುತ್ತಾರೆ, ಬಾಗಿಲಲ್ಲಿ ನಿಂತ ದಲಾಯತರು ಹೆಸರು ಕೂಗುತ್ತಾರೆ. ಕೂಗುವುದು ಚಾರ್ಜ್‌ಶೀಟಿನಲ್ಲಿರುವ ಹೆಸರನ್ನು, ಜೊತೆಗೆ ‘ಬಿನ್’ ಎಂದು ಅಪ್ಪನ ಹೆಸರನ್ನು. ಊರಲ್ಲೆಲ್ಲ ಸಣ್ಣಪ್ಪ ಎಂದೋ ಡ್ರೈವರಣ್ಣ ಎಂದೋ ಕರೆಸಿಕೊಂಡು ಬೆಳೆದವನಿಗೆ ಆ ದಾಖಲೆಯ ಹೆಸರು ತನ್ನದೇ ಎಂದು ಆ ಗದ್ದಲದಲ್ಲಿ ಕಿವಿಗೆ ಬೀಳುವುದಿಲ್ಲ. ವರಾಂಡದ ಆ ತುದಿಯಲ್ಲಿ ನಿಂತಿದ್ದರೂ, ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರೂ ಅದು ಗೈರುಹಾಜರಿಯೇ. ಮೊದಲ ಕೂಗಿಗೆ ಬಾರದ ಕೇಸನ್ನು ಪಕ್ಕಕ್ಕಿಟ್ಟು ಆಮೇಲೆ ಮತ್ತೊಮ್ಮೆ ಕೂಗಿಸುವುದುಂಟು. ಅದು ಸಾಹೇಬರ ಔದಾರ್ಯ, ನಮ್ಮ ಹಕ್ಕಲ್ಲ. ಇಷ್ಟೆಲ್ಲ ಕಾದು ಒಳಗೆ ಹೋದರೆ ನಡೆಯುವುದು ಒಂದೆರಡು ನಿಮಿಷದ ಕೆಲಸ: ಆರೋಪಿ ಹಾಜರು, ಸಾಕ್ಷಿಗಳು ಬಂದಿಲ್ಲ, ಮುಂದಿನ ತಾರೀಖು ಇಂಥದ್ದು. ಆ ಮುಂದಿನ ತಾರೀಖನ್ನು ಬರೆದುಕೊಳ್ಳದೆ ಹೊರಗೆ ಕಾಲಿಡಬಾರದು. ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಒಂದು ಸಿ.ಎನ್.ಆರ್. ನಂಬರು ಇರುತ್ತದೆ, ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು, ಕೇಸಿನ ಹಂತ ಎರಡೂ ಮೊಬೈಲಿನಲ್ಲೇ ಸಿಗುತ್ತವೆ. ಉಡುಪು, ನಡವಳಿಕೆಯ ಬಗ್ಗೆ ಜನ ಪಡುವ ಆತಂಕಕ್ಕೆ ಅಷ್ಟೇನೂ ಕಾರಣವಿಲ್ಲ. ಪಂಚೆಯೋ ಪ್ಯಾಂಟೋ, ಶುಚಿಯಾಗಿದ್ದರೆ ಸಾಕು. ಫೋನು ಬಂದ್ ಮಾಡಿ, ಕೇಳಿದ್ದಕ್ಕೆ ನಿಂತು ಉತ್ತರ ಹೇಳಿದರೆ ಆಯಿತು.

ಇನ್ನು ಹಾಜರಾಗದಿದ್ದರೆ ಆಗುವುದೇನು? ಸಾಮಾನ್ಯವಾಗಿ ಮೊದಲು ಜಾಮೀನು ಸಹಿತ ವಾರಂಟು, ಆಮೇಲೆ ಜಾಮೀನುರಹಿತ ವಾರಂಟು, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಬಿಡಬ್ಲ್ಯೂ. ಜಾಮೀನಿನ ಮೇಲಿದ್ದು ತಪ್ಪಿಸಿಕೊಂಡವನಾದರೆ ಮುಚ್ಚಳಿಕೆಯ ಹಣ ಮುಟ್ಟುಗೋಲಾಗಿ ಜಾಮೀನುದಾರನಿಗೆ ನೋಟಿಸು ಹೋಗುತ್ತದೆ. ಅದರ ಮೇಲೆ, ಜಾಮೀನು ಪಡೆದು ಕಾರಣವಿಲ್ಲದೆ ಬಾರದಿರುವುದೇ ನ್ಯಾಯ ಸಂಹಿತೆಯ 269ನೇ ಕಲಮಿನಡಿ ಪ್ರತ್ಯೇಕ ಅಪರಾಧ, ಒಂದು ವರ್ಷದವರೆಗೆ ಸಜೆ. ಬೈದದ್ದಕ್ಕೆ ಬಿದ್ದ ಕೇಸಿಗಿಂತ ಬಾರದ್ದಕ್ಕೆ ಬಿದ್ದ ಕೇಸು ಗಟ್ಟಿ. ಬೈದದ್ದನ್ನು ಸಾಕ್ಷಿ ತಂದು ರುಜು ಮಾಡಬೇಕು, ಬಾರದ್ದಕ್ಕೆ ಕೋರ್ಟಿನ ಕಡತವೇ ಸಾಕ್ಷಿ. ಇಲ್ಲೊಂದು ಮಾತು ಗಮನದಲ್ಲಿರಲಿ: ವಾರಂಟಿಗೆ ವಯಸ್ಸಾಗುವುದಿಲ್ಲ. ಜಾರಿಯಾಗುವವರೆಗೆ ಅಥವಾ ಕೋರ್ಟೇ ರದ್ದು ಮಾಡುವವರೆಗೆ ಅದು ಜೀವಂತ. ಆರೋಪಿ ಸಿಗದೇ ಹೋದ ಕೇಸುಗಳನ್ನು ಎಲ್.ಪಿ.ಸಿ., ಅಂದರೆ ಬಹುಕಾಲ ಬಾಕಿ ಉಳಿದ ಕೇಸು, ಎಂದು ಬೇರೆ ವಹಿಗೆ ಹಾಕುತ್ತಾರೆ. ಜೊತೆಯ ಆರೋಪಿಗಳ ಕೇಸು ಮುಂದೆ ಹೋಗಿ ಅವರೆಲ್ಲ ಖುಲಾಸೆಯಾದರೂ ಇವನದು ಮಾತ್ರ ಅಲ್ಲೇ ಕೂತಿರುತ್ತದೆ. ಹೊಳಲ್ಕೆರೆ, ಹೊಸದುರ್ಗದ ಹಳ್ಳಿ-ತಾಂಡಾಗಳಿಂದ ಬೆಂಗಳೂರಿಗೋ ಕಾಫಿ ಸೀಮೆಗೋ ಕೂಲಿಗೆ ಹೋದವನು ವರ್ಷಗಳ ಮೇಲೆ ಹಬ್ಬಕ್ಕೆ ಊರಿಗೆ ಬಂದಾಗ ಪೊಲೀಸರು ಬಾಗಿಲಿಗೆ ಬರುವುದು ಹೀಗೆ. ಅವನ ಮಟ್ಟಿಗೆ ಜಗಳ ಮರೆತು ಎಷ್ಟೋ ಕಾಲವಾಗಿರುತ್ತದೆ. ಗೊತ್ತಾದ ಕೂಡಲೇ ತಾನಾಗಿ ಕೋರ್ಟಿಗೆ ಬಂದು ವಾರಂಟು ರದ್ದಿಗೆ ಅರ್ಜಿ ಕೊಟ್ಟವನನ್ನು ನೋಡುವ ರೀತಿಯೇ ಬೇರೆ, ಹಿಡಿದು ತಂದವನನ್ನು ನೋಡುವ ರೀತಿಯೇ ಬೇರೆ. ಹೆಚ್ಚಿನ ಸಲ ಮೊದಲನೆಯವನಿಗೆ ಒಂದಿಷ್ಟು ದಂಡ ಕಟ್ಟಿಸಿ, ಎಚ್ಚರಿಕೆ ಹೇಳಿ ಬಿಡುತ್ತಾರೆ.

‘ವಕೀಲರಿಗೆ ಫೀಸು ಕೊಟ್ಟಿಲ್ಲವೇ, ಅವರು ನೋಡಿಕೊಳ್ಳಲಿ’ ಎಂಬ ಮಾತು ಇದಕ್ಕೆ ಎದುರಾಗಿ ಬರುತ್ತದೆ. ಈ ನಂಬಿಕೆ ಎಲ್ಲಿಂದ ಬಂತೆಂದು ಊಹಿಸಬಹುದು. ನಮ್ಮ ಸೀಮೆಯ ಕುಟುಂಬಗಳಿಗೆ ಕೋರ್ಟಿನ ಪರಿಚಯವಾಗಿರುವುದು ಬಹುಮಟ್ಟಿಗೆ ಭಾಗದ ದಾವೆಯಿಂದ, ಜಮೀನಿನ ವ್ಯಾಜ್ಯದಿಂದ. ಸಿವಿಲ್ ಕೇಸಿನಲ್ಲಿ ವಕಾಲತ್ತು ಹಾಕಿ ಬಂದರೆ ಸಾಕ್ಷಿ ಹೇಳುವ ದಿನದವರೆಗೆ ಕಕ್ಷಿದಾರ ತಲೆ ಹಾಕದಿದ್ದರೂ ನಡೆಯುತ್ತದೆ. ಅದೇ ಕಟ್ಟಡ, ಎಷ್ಟೋ ಕಡೆ ಅದೇ ನ್ಯಾಯಾಧೀಶರು, ಅದೇ ಕರಿಕೋಟಿನ ವಕೀಲರು. ಹಾಗಾಗಿ ಕ್ರಿಮಿನಲ್ ಕೇಸಿಗೂ ಅದೇ ರೂಢಿ ಎಂದುಕೊಳ್ಳುತ್ತಾರೆ. ಆದರೆ ಇಲ್ಲಿ ಆರೋಪಿ ಸ್ವತಃ ನಿಲ್ಲಬೇಕು; ವಕೀಲರು ಅವನ ಪರ ಮಾತಾಡಬಹುದೇ ಹೊರತು ಕೋರ್ಟಿನ ಅಪ್ಪಣೆಯಿಲ್ಲದೆ ಅವನ ಬದಲಿಗೆ ಹಾಜರಿ ಹಾಕಲಾಗದು. ಸಮನ್ಸು ಮುಟ್ಟಿಲ್ಲ ಎಂಬ ನೆಪವೂ ಈಗ ಮೊದಲಿನಷ್ಟು ನಿಲ್ಲುವುದಿಲ್ಲ. ಹುಡುಕಿದರೂ ವ್ಯಕ್ತಿ ಸಿಗದಿದ್ದಾಗ ಮನೆಯ ವಯಸ್ಕ ಗಂಡಸಿನ ಕೈಗೆ ಕೊಡಬೇಕು ಎಂದಿದ್ದ ಹಳೆಯ ನಿಯಮ ಹೋಗಿ, ಹೆಂಡತಿಯಾಗಲಿ ತಾಯಿಯಾಗಲಿ ಜೊತೆಗಿರುವ ಯಾವ ವಯಸ್ಕರ ಕೈಗೆ ಕೊಟ್ಟರೂ ಸಾಕು ಎಂದಾಗಿದೆ.

ಇದಕ್ಕಿಂತ ತೂಕದ ಆಕ್ಷೇಪ ಕೂಲಿಯವನದು. ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾಗಿದ್ದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ತಿಂಗಳಿಗೊಂದು ತಾರೀಖು ಎಂದರೂ ವರ್ಷಕ್ಕೆ 4,440 ರೂಪಾಯಿ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅಡಿಕೆ ಕೊಯ್ಲಿನ ದಿನ ತಾರೀಖು ಬಿದ್ದರೆ ನಷ್ಟ ಇನ್ನೂ ಹೆಚ್ಚು. ಒಂದು ಸಣ್ಣ ಕೇಸಿನಲ್ಲಿ ಕೊನೆಗೆ ಬೀಳಬಹುದಾದ ದಂಡಕ್ಕಿಂತ ಹಾಜರಿಯ ಖರ್ಚೇ ಜಾಸ್ತಿ. ಈ ಲೆಕ್ಕ ಸುಳ್ಳಲ್ಲ, ಅದನ್ನು ತಳ್ಳಿಹಾಕಿ ಮಾತಾಡುವವರಿಗೆ ಕೂಲಿಯ ಬೆಲೆ ಗೊತ್ತಿಲ್ಲ. ಆದರೆ ಆ ನಷ್ಟಕ್ಕೆ ಪರಿಹಾರ ಕೋರ್ಟಿಗೆ ಹೋಗದಿರುವುದಲ್ಲ. ಹೋಗದಿರಲು ಮೊದಲೇ ಅಪ್ಪಣೆ ಪಡೆಯುವುದು. ಸುರಕ್ಷಾ ಸಂಹಿತೆಯ 228 ಮತ್ತು 355ನೇ ಕಲಮುಗಳು ಆರೋಪಿಗೆ ಖುದ್ದು ಹಾಜರಿಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿವೆ. ವಿಡಿಯೊ ಮೂಲಕ ಹಾಜರಾಗುವುದೂ ಖುದ್ದು ಹಾಜರಿಯೇ ಎಂದು 355ರ ವಿವರಣೆ ಹೇಳುತ್ತದೆ. ಜ್ವರವೋ ಬಾಣಂತನವೋ ಸಾವೋ, ಕಾರಣ ತಿಳಿಸಿ ಹಿಂದಿನ ದಿನವೇ ವಕೀಲರಿಗೆ ಫೋನು ಮಾಡಿದರೆ ಅವರು ಹೆಸರು ಕೂಗುವ ಹೊತ್ತಿಗೆ ಒಂದು ಪುಟದ ಅರ್ಜಿ ಕೊಡುತ್ತಾರೆ. ಕೂಗಿದ ಮೇಲೆ, ವಾರಂಟಿನ ಆದೇಶ ಬರೆಸಿದ ಮೇಲೆ ಫೋನು ಮಾಡಿದರೆ ಅದೇ ವಕೀಲರಿಗೆ ಮಾಡಲು ಉಳಿಯುವುದು ಕಡಿಮೆ. ವಕೀಲರನ್ನಿಡುವ ಶಕ್ತಿ ಇಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಪ್ರಶ್ನೆಯಿಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ಇತರರಿಗೆ ಆದಾಯ ಮಿತಿ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರಾಯಿತು, 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಪುಕ್ಕಟೆ ವಕೀಲರು ಸರಿಯಾಗಿ ನಡೆಸುವುದಿಲ್ಲ ಎಂಬ ಮಾತು ಇದ್ದೇ ಇದೆ. ದುಡ್ಡು ಕೊಟ್ಟ ವಕೀಲರ ಬಗ್ಗೆಯೂ ಅದೇ ಮಾತು ಕೇಳಿದ್ದೇನೆ.

ಜಾಮೀನಿನ ದಿನದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಂದು ಹಾಜರಿರಬೇಕಾದವರು ಇಬ್ಬರು. ಜಾಮೀನುದಾರ ಬರಿ ಸಹಿ ಹಾಕಿ ಹೋಗುವವನಲ್ಲ. ಅವನ ಪಹಣಿ, ಆಧಾರ್, ಫೋಟೊ ಮೇಜಿನ ಮೇಲಿಟ್ಟು ಸಾಹೇಬರು ಅವನನ್ನೇ ಕೇಳುತ್ತಾರೆ: ಈತ ನಿಮಗೆ ಏನಾಗಬೇಕು? ಜಮೀನು ಎಲ್ಲಿದೆ, ಎಷ್ಟು ಬೆಲೆ ಬಾಳುತ್ತದೆ? ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ? ಈತ ಬಾರದಿದ್ದರೆ ದುಡ್ಡು ಯಾರು ಕಟ್ಟುತ್ತಾರೆ, ಗೊತ್ತೇ? ದಾಕ್ಷಿಣ್ಯಕ್ಕೆ ಬಂದ ನೆಂಟ ಕೊನೆಯ ಪ್ರಶ್ನೆಗೆ ಆರೋಪಿಯ ಮುಖ ನೋಡುತ್ತಾನೆ. ಭೂಮಿ ಇಲ್ಲದವನಿಗೆ ಪಹಣಿಯುಳ್ಳ ನೆಂಟನೇ ಇರುವುದಿಲ್ಲ. ಅಂಥವನು ತಿಳಿದಿರಬೇಕಾದ ಸಂಗತಿಗಳು ಎರಡಿವೆ. ಜಾಮೀನು ಸಿಗುವಂಥ ಅಪರಾಧದಲ್ಲಿ ಬಂಧನವಾಗಿ ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಎಂದು ಕಾನೂನೇ ಹೇಳುತ್ತದೆ. ಇನ್ನೊಂದು 1978ರ ಮೋತಿರಾಮ್ ಪ್ರಕರಣ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿ ಜಾಮೀನು ಕೇಳಿ, ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಜಾಮೀನು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕಟುವಾಗಿ ಟೀಕಿಸಿದರು. ನಮಗೆ ಇದು ದೂರದ ಮಾತಲ್ಲ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ಬಿ.ದುರ್ಗದ ಕಡೆಯ ಎಷ್ಟೋ ಮನೆಗಳಿಗೆ ಬೀಗರು, ಸೋದರಮಾವಂದಿರು ಪಕ್ಕದ ಜಿಲ್ಲೆಯವರಾಗಿದ್ದಾರೆ.

ತಾರೀಖಿನ ಕಾಟ ತಪ್ಪಲೆಂದು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಕೈತೊಳೆದುಕೊಳ್ಳುವ ದಾರಿಯೊಂದಿದೆ. ಇಸ್ಪೀಟು, ಹೆಲ್ಮೆಟ್ಟಿನಂಥ ಪ್ರಕರಣಗಳಲ್ಲಿ, ನಿಜಕ್ಕೂ ಮಾಡಿದ್ದರೆ, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಹೊಡೆದಾಟದ, ಅಪಘಾತದ ಕೇಸಿನಲ್ಲಿ ‘ಒಪ್ಪಿಕೊಂಡುಬಿಡು, ಇವತ್ತೇ ಮುಗಿಯುತ್ತೆ’ ಎಂದು ವರಾಂಡದಲ್ಲಿ ಯಾರೋ ಹೇಳಿದ್ದನ್ನು ಕೇಳಿ ತಲೆಯಾಡಿಸುವುದು ಬೇರೆ. ದಂಡ ಸಣ್ಣದಿರಬಹುದು, ದಾಖಲಾಗುವುದು ಮಾತ್ರ ‘ಅಪರಾಧಿ’ ಎಂದೇ. ನಾಳೆ ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಹುಡುಗ ಶಿಕ್ಷೆಯಾಗಿದೆಯೇ ಎಂಬ ಕಾಲಂ ತುಂಬಬೇಕಾಗುತ್ತದೆ. ಆರೋಪವನ್ನು ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿ ಆಮೇಲೆ ಉತ್ತರ ಪಡೆಯುವುದು ಮ್ಯಾಜಿಸ್ಟ್ರೇಟರ ಕರ್ತವ್ಯ. ಅರ್ಥವಾಗದಿದ್ದರೆ ‘ಇಲ್ಲ ಸ್ವಾಮಿ’ ಎನ್ನಲು ಹೆದರಬೇಕಿಲ್ಲ. ಚಾರ್ಜ್‌ಶೀಟಿನ ಪ್ರತಿ ಬಿಟ್ಟಿಯಾಗಿ ಕೊಡಬೇಕು, ಹಾಜರಾದ ಹದಿನಾಲ್ಕು ದಿನದೊಳಗೆ ಎಂದು ಸುರಕ್ಷಾ ಸಂಹಿತೆ ಗಡುವನ್ನೂ ಹಾಕಿದೆ. ಅದನ್ನು ಓದದೆ ಒಪ್ಪಿಕೊಳ್ಳುವುದು ಬೇಡ.

ರಾಜಿಯ ಮಾತು ಇನ್ನೂ ಸೂಕ್ಷ್ಮ. ನ್ಯಾಯವನ್ನು ಕೂತು ಮಾತಾಡಿ ಬಗೆಹರಿಸುವ ಸಂಪ್ರದಾಯ ನಮ್ಮಲ್ಲಿ ಗಟ್ಟಿಯಾಗಿದೆ. ಊರ ಪಂಚಾಯ್ತಿ ಇರಲಿ, ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರದ ದಿನ ಎರಡೂ ಕಡೆಯವರು ಎದುರಾಬದುರು ನಿಂತು ಹೇಳಿಕೊಳ್ಳುವುದು ಈ ಸೀಮೆಯವರಿಗೆಲ್ಲ ಗೊತ್ತು. ಅಂಥ ಕಡೆ ರಾಜಿಯಾದರೆ ಮನಸ್ಸಿನ ಮಟ್ಟಿಗೆ ಜಗಳ ಮುಗಿದಂತೆಯೇ. ಆದರೆ ಪೊಲೀಸರು ಹಾಕಿದ ಕೇಸಿನಲ್ಲಿ ಫಿರ್ಯಾದಿಯ ಜಾಗದಲ್ಲಿ ಸರ್ಕಾರ ನಿಂತಿರುತ್ತದೆ, ಊರಿನ ರಾಜಿಪತ್ರ ಅದನ್ನು ತಾನಾಗಿ ನಿಲ್ಲಿಸುವುದಿಲ್ಲ. ಸಾಮಾನ್ಯ ಹೊಡೆತ, ಬೈಗುಳದಂಥ ಅಪರಾಧಗಳನ್ನು ಪೆಟ್ಟು ತಿಂದವರೋ ಬೈಸಿಕೊಂಡವರೋ ಕೋರ್ಟಿಗೆ ಬಂದು ಹೇಳಿದರೆ ರಾಜಿ ಮಾಡಬಹುದು. ಲೋಕ ಅದಾಲತ್ ಇರುವುದೂ ಇಂಥದ್ದಕ್ಕೇ, ಚೆಕ್ ಬೌನ್ಸ್ ಕೇಸಂತೂ ಯಾವ ಹಂತದಲ್ಲೂ ರಾಜಿಗೆ ಬರುತ್ತದೆ. ರಾಜಿಗೆ ಅವಕಾಶವಿಲ್ಲದ ಕಲಮು ಸೇರಿದ್ದರೆ ಬೆಂಗಳೂರಿನ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಿಕೊಳ್ಳಬೇಕು. ಚಿತ್ರದುರ್ಗ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುವುದಿಲ್ಲ. ಎಲ್ಲ ದಾರಿಗೂ ಯಾರಾದರೂ ಎದ್ದು ಹೋಗಿ ಹಾಜರಾಗಲೇಬೇಕು. ಒಟ್ಟಿಗೆ ಊಟ ಮಾಡಿ ರಾಜಿಯಾದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ವಾರಂಟು ಬಂದಾಗ, ಇನ್ನೊಬ್ಬ ಮೋಸ ಮಾಡಿದ ಎಂದು ಜಗಳ ಹೊಸದಾಗಿ ಶುರುವಾಗುವುದು ಇದನ್ನು ತಿಳಿಯದೆ.

ಕೂಗಿದಾಗ ಇರಬೇಕು ಎಂಬ ಮಾತು ಸಾಕ್ಷಿಯಾಗಿ ಬಂದವರಿಗೂ ಅನ್ವಯಿಸುತ್ತದೆ; ಅವರು ಮೈಯೆಲ್ಲ ಕಿವಿಯಾಗಿ ಇರಬೇಕು ಕೂಡ. ಮಹಜರಿಗೆ ಸಹಿ ಹಾಕಿದ ಪಂಚ, ಜಗಳ ಬಿಡಿಸಿದ ನೆರೆಯವ, ಇವರನ್ನು ಮೊದಲು ಸರ್ಕಾರಿ ಅಭಿಯೋಜಕರು ಕೇಳುತ್ತಾರೆ, ಆಮೇಲೆ ಆರೋಪಿ ಪರ ವಕೀಲರ ಪಾಟೀಸವಾಲು. ಹೇಳಿಕೆ ಬರೆದುಕೊಳ್ಳುವ ಶೈಲಿಯೇ ವಿಚಿತ್ರ. ವಕೀಲರು ‘ಗಲಾಟೆ ಆದಾಗ ನೀವು ಅಲ್ಲಿರಲೇ ಇಲ್ಲ, ಸರಿಯಾ?’ ಎನ್ನುತ್ತಾರೆ. ಕಡತದಲ್ಲಿ ಇಳಿಯುವುದು ‘ಗಲಾಟೆ ನಡೆದಾಗ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ’ ಎಂದೋ, ‘ಎಂದರೆ ಸರಿ’ ಎಂದೋ. ಗಾಬರಿಯಲ್ಲಿ ಸುಮ್ಮನೆ ‘ಹ್ಞೂಂ’ ಎಂದರೆ ಎರಡರಲ್ಲಿ ಯಾವುದು ಬೀಳುತ್ತದೆಂಬುದು ಸಾಕ್ಷಿಗೇ ತಿಳಿಯುವುದಿಲ್ಲ. ‘ಇದ್ದೆ ಸ್ವಾಮಿ, ಅಲ್ಲೇ ಇದ್ದೆ’ ಎಂದು ಪೂರ್ತಿ ವಾಕ್ಯದಲ್ಲಿ ಹೇಳುವುದು ಒಳ್ಳೆಯದು. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು ಎಂಬ ನಿಯಮವಿದೆ. ಸಹಿ ಹಾಕುವ ಮುನ್ನ ಓದಿಸಿ ಕೇಳುವುದು ಅಧಿಕಪ್ರಸಂಗವಲ್ಲ. ಮರೆತದ್ದನ್ನು ‘ನೆನಪಿಲ್ಲ’ ಎನ್ನಬಹುದು. ಪ್ರಮಾಣ ಮಾಡಿ ಗೊತ್ತಿದ್ದೂ ಸುಳ್ಳು ಹೇಳಿದರೆ ಏಳು ವರ್ಷದವರೆಗೆ ಸಜೆಗೆ ಅವಕಾಶವಿದೆ.

ನನ್ನ ವಾದಕ್ಕೆ ಬರುವ ನಿಜವಾದ ಎದುರು ಮಾತು ಇದು: ಎಲ್ಲ ಭಾರವನ್ನೂ ಬಡಪಾಯಿಯ ಮೇಲೆ ಹೊರಿಸಿ, ಕೋರ್ಟನ್ನು ಸುಮ್ಮನೆ ಬಿಟ್ಟಂತಾಗಲಿಲ್ಲವೇ? ಆರೋಪಿ ಹಾಜರಿದ್ದು ಪೊಲೀಸ್ ಸಾಕ್ಷಿ ಬಾರದಿದ್ದರೆ, ನ್ಯಾಯಾಧೀಶರ ಹುದ್ದೆ ಖಾಲಿಯಿದ್ದರೆ, ವಕೀಲರು ಕಲಾಪದಿಂದ ದೂರ ಉಳಿದರೆ, ಕಳೆದುಹೋದ ಕೂಲಿಗೆ ಯಾರು ಉತ್ತರ ಹೇಳುತ್ತಾರೆ? ಮಾತು ಸರಿ. ಕಕ್ಷಿದಾರನ ಕೈಮೀರಿದ ಕಾರಣಕ್ಕೂ ಎರಡಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸುರಕ್ಷಾ ಸಂಹಿತೆಯ 346ನೇ ಕಲಮು ಹೇಳಿದರೂ ವರಾಂಡದಲ್ಲಿ ನಿಂತವರಿಗೆ ಅದರ ಬಿಸಿ ತಟ್ಟಿಲ್ಲ. ಎಲ್ಲರಿಗೂ ಹನ್ನೊಂದು ಗಂಟೆ ಎನ್ನುವ ಬದಲು ಹಾಜರಿಯ ಕೇಸು ಬೆಳಗ್ಗೆ, ಸಾಕ್ಷಿಯ ಕೇಸು ಮಧ್ಯಾಹ್ನ ಎಂದು ಹೊತ್ತು ಹಂಚಿದರೆ ಅರ್ಧ ಜನಕ್ಕೆ ಅರ್ಧ ದಿನದ ಕೂಲಿ ಉಳಿಯುತ್ತದೆ. ಅದಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ, ಹಿಂದಿನ ದಿನ ಪಟ್ಟಿ ಬರೆಯುವಾಗ ಒಂದು ಗೆರೆ ಎಳೆದರೆ ಸಾಕು. ಆದರೂ ನಾನು ಹಾಜರಿಯ ಮಾತನ್ನೇ ಹಿಡಿಯುತ್ತೇನೆ. ಬಾರದ ಪೊಲೀಸ್ ಸಾಕ್ಷಿಯ ಲಾಭ ಸಿಗುವುದು ಅಂದು ಹಾಜರಿದ್ದ ಆರೋಪಿಗೆ. ಇಬ್ಬರೂ ಬಾರದಿದ್ದರೆ ವಾರಂಟು ಹೋಗುವುದು ಇವನ ಮನೆಗೆ. ವ್ಯವಸ್ಥೆಯ ತಪ್ಪನ್ನು ತೋರಿಸಿ ದೂರುವ ಅಧಿಕಾರ ಉಳಿಯುವುದೂ ತನ್ನ ಕಡೆಯಿಂದ ಒಂದು ತಾರೀಖೂ ತಪ್ಪಿಲ್ಲ ಎಂದು ಕಡತ ತೋರಿಸಬಲ್ಲವನಿಗೆ.

ಖುಲಾಸೆಯ ದಿನ ಜನ ಕೈಮುಗಿದು ಹೊರಗೆ ಓಡುತ್ತಾರೆ. ಅಂದೂ ಕೆಲಸ ಬಾಕಿ ಇರುತ್ತದೆ. ಸರ್ಕಾರ ಮೇಲ್ಮನವಿ ಹೋದರೆ ಮೇಲಿನ ಕೋರ್ಟಿಗೆ ಹಾಜರಾಗುತ್ತೇನೆ ಎಂದು ಬರೆದುಕೊಡುವ ಮುಚ್ಚಳಿಕೆ ಆರು ತಿಂಗಳು ಜಾರಿಯಲ್ಲಿರುತ್ತದೆ, ಹಾಗಾಗಿ ವಿಳಾಸ ಬದಲಾದರೆ ತಿಳಿಸಬೇಕು. ತೀರ್ಪಿನ ದೃಢೀಕೃತ ಪ್ರತಿಯೊಂದನ್ನು ಪಡೆದು ಪಹಣಿ, ಪಾಸ್‌ಬುಕ್ ಇಡುವ ಕಡೆಯೇ ಇಡಬೇಕು. ಮುಂದೆ ಠಾಣೆಯ ಹಳೆಯ ವಹಿಯಲ್ಲಿ ಹೆಸರು ಕಂಡು ಯಾರಾದರೂ ಕೇಳಿದರೆ ಬಾಯಿಮಾತು ನಡೆಯುವುದಿಲ್ಲ. ಜಾಮೀನಿಗೆ ಜಮೀನಿನ ಬದಲು ನಗದು ಕಟ್ಟಿದ್ದರೆ ಅದು ತಾನಾಗಿ ಮನೆಗೆ ಬರುವುದಿಲ್ಲ. ರಸೀದಿ, ಬ್ಯಾಂಕ್ ಖಾತೆಯ ವಿವರ ಇಟ್ಟು ವಾಪಸು ಕೊಡಿಸಿ ಎಂದು ಅರ್ಜಿ ಹಾಕಬೇಕು, ಆ ಅರ್ಜಿಗೂ ಒಂದು ತಾರೀಖು ಬೀಳುತ್ತದೆ.